ನೀರು ನಿಂತ ಗುರುತು

ಮನೆಯೇ ಬಿದ್ದುಹೋದ ಮೇಲೆ ಉಳಿದ ಒಂಟಿ ಗೋಡೆಗೆ ಯುಗಾದಿಗೆಂದು ಸುಣ್ಣ ಹೊಡೆಯುವವರು ಇರುತ್ತಾರಾ ಎಂದು ಯಾರಾದರೂ ಕೇಳಿದರೆ, ಇದ್ದಾರೆ, ಕಲ್ಲುಕೋಡಿಯ ಮಹದೇವಮ್ಮ. ಆ ಗೋಡೆಯಲ್ಲಿ ದೇವರ ಗೂಡಿತ್ತು. ಅದರ ಪಕ್ಕದಲ್ಲಿ ಅವಳು ಮೂವತ್ತೈದು ವರ್ಷ ಉರಿಸಿದ ಒಲೆಯ ಮಸಿ ಇನ್ನೂ ಅಂಟಿಕೊಂಡಿತ್ತು. ಅಂಥ ಗೋಡೆಯನ್ನು ಹಬ್ಬದ ದಿನ ಬೋಳಾಗಿ ಬಿಡುವುದಾದರೂ ಹೇಗೆ ಎನ್ನುವುದು ಅವಳ ವಾದ. ಅರಸೀಕೆರೆಯ ಬಾಡಿಗೆ ಮನೆಯಿಂದ ಗಂಡಸಿ ಕಡೆಯ ಬಸ್ಸು ಹತ್ತಿ, ಬಕೆಟ್ಟಿನಲ್ಲಿ ಸುಣ್ಣ, ಚೀಲದಲ್ಲಿ ಕೆಮ್ಮಣ್ಣು ಹಿಡಿದು ಬರುತ್ತಿದ್ದಳು. ಗೋಡೆಯ ಮೇಲಕ್ಕೆಲ್ಲ ಬಿಳಿ ಬಳಿದು, ಬುಡದಲ್ಲಿ ಗೇಣೆತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ ಸಾರಿಸಿ, ದೇವರ ಗೂಡಿನಲ್ಲಿ ದೀಪ ಹಚ್ಚಿಟ್ಟು ಹೋಗುತ್ತಿದ್ದಳು. ನೋಡಿದವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನಗಲಿ ಬಿಡು ಅಂದುಕೊಂಡಳು.

ಮನೆ ಹೋದದ್ದು ಮೂರು ವರ್ಷದ ಹಿಂದಿನ ಗೌರಿ ಹಬ್ಬದಲ್ಲಿ. ಆ ಸಲ ಮಳೆ ಹುಚ್ಚು ಹಿಡಿದಂತೆ ಸುರಿದಿತ್ತು. ಹಬ್ಬದ ಮಾರನೆಯ ಸಂಜೆ ಊರ ಕೆರೆ ಕೋಡಿ ಬಿದ್ದು, ಹಳ್ಳ ಉಕ್ಕಿ, ಕೆರೆಕೆಳಗಿನ ಬೀದಿಗೆಲ್ಲ ನೀರು ನುಗ್ಗಿತು. ಮನೆಯವರೆಲ್ಲ ಏಣಿ ಹಾಕಿಕೊಂಡು ಅಟ್ಟ ಹತ್ತಿದರು. ಕೊಬ್ಬರಿಯಾಗಲೆಂದು ತೆಂಗಿನಕಾಯಿಯನ್ನು ವರ್ಷವಿಡೀ ಕೂಡಿಡುವ ಅಟ್ಟ ಅದು. ಆ ಕಾಯಿಗಳ ಮೇಲೇ ಬೆಳಗಿನವರೆಗೂ ಕೂತರು. ನೀರು ಇಳಿದ ಮೇಲೆ ನೆನೆದ ಮಣ್ಣಿನ ಗೋಡೆಗಳು ಒಂದೊಂದಾಗಿ ಕುಸಿದವು. ಅಡುಗೆಮನೆಯ ಗೋಡೆಗೆ ಮಾತ್ರ ಕಲ್ಲಿನ ಬುಡವಿತ್ತು, ಅದು ನಿಂತಿತು.

ಅಂದಿನಿಂದ ಸಂಸಾರ ಅರಸೀಕೆರೆಯಲ್ಲಿ, ಒಂದು ಕೊಬ್ಬರಿ ಗೋದಾಮಿನ ಮೇಲಿನ ಎರಡು ಕೋಣೆಗಳಲ್ಲಿ. ಗಂಡ ಸಿದ್ದಬಸಪ್ಪ, ಮಗ ಶರತ್ಚಂದ್ರ, ಸೊಸೆ ಮೀನಾಕ್ಷಿ, ಮಹದೇವಮ್ಮ. ಗಂಡಸರಿಗೆ ಕೆಳಗೇ ವ್ಯಾಪಾರ, ಹಾಗಾಗಿ ಅವರಿಗೆ ಅಂಥ ಕಷ್ಟವೇನೂ ಕಾಣಲಿಲ್ಲ. ಮಹದೇವಮ್ಮನಿಗೆ ಮಾತ್ರ ಆ ಮೆಟ್ಟಿಲು ಕಂಡರೆ ಆಗುತ್ತಿರಲಿಲ್ಲ. ಅವಳ ಮಂಡಿ ಗಟ್ಟಿಯಾಗಿಯೇ ಇತ್ತು. ಆ ಮೆಟ್ಟಿಲು ಅವಳ ಮಗಳನ್ನು ತಡೆದಿತ್ತು.

ಮಗಳು ಸಿರಿಯನ್ನು ಬೇಲೂರಿನಾಚೆಯ ಗೆಂಡೆಹಳ್ಳಿಗೆ ಕೊಟ್ಟಿದ್ದರು. ಮದುವೆಯಾದ ಮರುವರ್ಷವೇ ಹಳೇಬೀಡು ರಸ್ತೆಯಲ್ಲಿ ಸ್ಕೂಟರ್ ಜಾರಿ ಬಿದ್ದು, ಸೊಂಟದ ಕೆಳಗಿನ ಸ್ವಾಧೀನ ಹೋಯಿತು. ಗಾಲಿಕುರ್ಚಿಯಲ್ಲೇ ಓಡಾಟ. ಕೈಯಲ್ಲೇ ನಡೆಸುವ ಹೊಲಿಗೆ ಮಿಷನ್ ಹಾಕಿಕೊಂಡು ಅರ್ಧ ಊರಿನ ರವಿಕೆ ಹೊಲಿದಳು. ಹುಡುಗಿ ಮೊದಲಿನಿಂದಲೂ ಹಟಮಾರಿ, ಬಿದ್ದ ಮೇಲೆ ಇನ್ನೂ ಒಂದು ಕೈ ಮುಂದೆ ಹೋದಳು. ಯಾರಾದರೂ ಎತ್ತಿ ಕೂರಿಸಲು ಬಂದರೆ ಕಣ್ಣು ಕೆಂಪಗೆ ಮಾಡಿ, "ನಾನೇನು ಕೊಬ್ಬರಿ ಮೂಟೆನಾ?" ಅನ್ನುತ್ತಿದ್ದಳು. ತವರಿನ ಹಳೇ ಮನೆಯ ಬಾಗಿಲು ಬೀದಿಯ ಮಟ್ಟಕ್ಕೇ ಇತ್ತು. ಹೊಸ್ತಿಲಿಗೆ ಎರಡೂ ಕಡೆ ಹಲಗೆ ಇಟ್ಟರೆ ಸಾಕು, ತಾನೇ ಗಾಲಿ ತಳ್ಳಿಕೊಂಡು ನಡುಮನೆ ದಾಟಿ ನೇರ ಅಡುಗೆಮನೆಗೆ ಬಂದು, "ಅಮ್ಮಾ, ಏನ್ ಮಾಡಿದೀಯ?" ಎಂದು ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಳು. ಆ ಸದ್ದು ಕೇಳದೆ ಎರಡು ಗೌರಿ ಹಬ್ಬ ಆಗಿಹೋಗಿದ್ದವು. ಮಗಳನ್ನು ಕರೆಯದ ಗೌರಿಗೆ ಬಾಗಿನ ಜೋಡಿಸುವಾಗ ಮಹದೇವಮ್ಮನ ಕೈಯೇ ಓಡುತ್ತಿರಲಿಲ್ಲ.

ಅವಳಿಗೆ ಬೇಕಾಗಿದ್ದುದು ಇಷ್ಟೇ. ಹೊಸ ಮನೆ ಆಗಬೇಕು, ಅದರ ಬಾಗಿಲಲ್ಲಿ ಸಿರಿ ತಾನಾಗಿ, ಯಾರ ಕೈಯೂ ಹಿಡಿಯದೆ ಒಳಗೆ ಬರಬೇಕು.

ಬೀದಿಯ ಬಹಳಷ್ಟು ಜನ ಸರ್ಕಾರ ಕೊಟ್ಟ ಜಾಗದಲ್ಲಿ ದಿಣ್ಣೆಯ ಮೇಲೆ ಮನೆ ಮಾಡಿಕೊಂಡಿದ್ದರು. ಸಿದ್ದಬಸಪ್ಪ ಒಪ್ಪಲಿಲ್ಲ. "ತೋಟ ಇಲ್ಲಿ, ನಾನಲ್ಲಿ. ಕಾಯಿ ಬಿದ್ದ ಸದ್ದು ಕೇಳ್ದಿದ್ರೆ ನಂಗೆ ನಿದ್ದೆ ಹತ್ತಲ್ಲ" ಎಂದುಬಿಟ್ಟಿದ್ದ. ಹಳೇ ಜಾಗದಲ್ಲೇ ಕಟ್ಟಬಹುದು, ಆದರೆ ನೆರೆ ಬರುವ ಜಾಗವಾದ್ದರಿಂದ ನಿಯಮದಂತೆ ಕಟ್ಟಬೇಕು ಎಂದು ಪಂಚಾಯ್ತಿಯವರು ಹೇಳಿದರು. ಹಳ್ಳದಿಂದ ಇಷ್ಟು ದೂರ ಬಿಡಬೇಕು, ಕಂಬಗಳನ್ನೆಲ್ಲ ಕಾಂಕ್ರೀಟ್ ತೊಲೆಯಿಂದ ಒಂದಕ್ಕೊಂದು ಬಿಗಿಯಬೇಕು, ಕರೆಂಟಿನ ಬೋರ್ಡು ಮೇಲಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದೆ ನೀರು ಎಲ್ಲಿಯವರೆಗೆ ನಿಂತಿತ್ತೋ ಆ ಗುರುತಿಗಿಂತ ಒಂದಡಿ ಮೇಲೆ ಮನೆಯ ನೆಲ ಬರಬೇಕು.

ಗುರುತು ನೋಡಲು ಇಂಜಿನಿಯರ್ ಬಂದದ್ದು ಮುಂಗಾರಿನ ಎರಡು ಹದ ಮಳೆ ಬಿದ್ದ ಮೇಲೆ. ಸಿಂಧು ಅಂತ ಹೆಸರು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ಹಾಸನದವಳು. ಅಪ್ಪ ಮಗ ಇಬ್ಬರೂ ಮಾರುಕಟ್ಟೆಯಲ್ಲಿದ್ದರು. ಮಹದೇವಮ್ಮ ಒಬ್ಬಳೇ ಗೋಡೆಯ ಹತ್ತಿರ ಕಳೆ ಕೀಳುತ್ತಿದ್ದಳು.

"ಬಾರವ್ವ, ಬಿಸ್ಲಲ್ಲಿ ಬಂದಿದೀಯ. ಎಳನೀರು ಕುಡಿ ಮೊದ್ಲು" ಅಂದಳು.

"ಇರ್ಲಿ ಅಮ್ಮ, ಅಳತೆ ತಗೊಂಡು ಕುಡೀತೀನಿ." ಸಿಂಧು ಬೀದಿಯ ಉದ್ದಕ್ಕೂ ಕಣ್ಣು ಹಾಯಿಸಿದಳು. ನಿಂತ ಗೋಡೆ ಇದೊಂದೇ. ಮುಂದೆ ಕೂತು ಟೇಪು ಎಳೆದಳು. ಯುಗಾದಿಗೆ ಸಾರಿಸಿದ್ದ ಕೆಮ್ಮಣ್ಣಿನ ಪಟ್ಟಿ ಮಳೆಗೆ ತೊಯ್ದು, ಅಂಚು ಕರಗಿ, ಕೆಸರು ಮೆತ್ತಿ ಒಣಗಿದ ಹಾಗೆ ಕಾಣುತ್ತಿತ್ತು. ಅದರ ಮೇಲಕ್ಕೆಲ್ಲ ಸುಣ್ಣದ ಬಿಳುಪು. ನಿಜವಾಗಿ ನೀರು ನಿಂತ ಗೆರೆ ಆ ಸುಣ್ಣದ ಅಡಿಯಲ್ಲಿ, ಎಷ್ಟೋ ಮೇಲೆ ಮುಚ್ಚಿಹೋಗಿತ್ತು.

"ಇದೇನಾ ಅಮ್ಮ, ನೀರು ನಿಂತಿದ್ದ ಗುರುತು? ಇಷ್ಟೇನಾ ಬಂದಿದ್ದು?"

ಅದು ನಾನೇ ಬಳಿದ ಕೆಮ್ಮಣ್ಣು ಕಣವ್ವ ಅನ್ನುವ ಮಾತು ಮಹದೇವಮ್ಮನ ನಾಲಿಗೆಯ ತುದಿಗೆ ಬಂದೇಬಂತು. ಅಷ್ಟರಲ್ಲಿ ಟೇಪಿನ ಮೇಲಿದ್ದ ಹುಡುಗಿಯ ಬೆರಳು ಕಂಡಿತು. ಗೇಣು, ಅದರ ಮೇಲೊಂದು ಅಡಿ. ಮಂಡಿಯೆತ್ತರದ ಪಾಯ. ಸಣ್ಣದೊಂದು ಇಳಿಜಾರು ಕಟ್ಟಿದರೆ ಗಾಲಿಕುರ್ಚಿ ಸಲೀಸಾಗಿ ಹತ್ತುತ್ತದೆ.

"ನಿನ್ನ ಕಣ್ಣಿಗೆ ಏನ್ ಕಾಣ್ತದೋ ಅದನ್ನ ಬರ್ಕೊಳವ್ವ" ಅಂದಳು. ಸಿಂಧು ಮೊಬೈಲಿನಲ್ಲಿ ಫೋಟೋ ಹಿಡಿದು, ಬರೆದುಕೊಂಡು, ಎಳನೀರು ಕುಡಿದು ಹೋದಳು. ಸುಳ್ಳು ಹೇಳಲಿಲ್ಲವಲ್ಲ ಎಂದು ಮಹದೇವಮ್ಮ ಬಸ್ಸಿನ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಸುಳ್ಳು ಹೇಳದವರು ಅಷ್ಟು ಸಲ ಹೇಳಿಕೊಳ್ಳಬೇಕಾಗಿರಲಿಲ್ಲ, ಆ ಮಾತು ಬೇರೆ.

ಪರವಾನಗಿ ಕೈಗೆ ಬಂದ ದಿನ ಬಾಡಿಗೆ ಮನೆಯಲ್ಲಿ ರಾಗಿಮುದ್ದೆ, ಹುರುಳಿ ಸಾರು. ಶರತ್ಚಂದ್ರ ತಟ್ಟೆಯ ಮುಂದೆ ಕೂತು ಕಾಗದ ಓದಿದವನು ತಲೆಯೆತ್ತಿದ.

"ಅಪ್ಪಾಜಿ, ನೀರು ಮುಕ್ಕಾಲಡಿ ನಿಂತಿತ್ತು ಅಂತ ಬರ್ದವ್ರಲ್ಲ!"

"ಬರ್ದವ್ರೆ ಅಂದ್ರೆ ಬರ್ಕೊಳ್ಲಿ" ಸಿದ್ದಬಸಪ್ಪ ಮುದ್ದೆ ಮುರಿದ. "ಎದೆಯೆತ್ತರ ಮಣ್ಣು ತುಂಬ್ಸೋ ಗೋಳು ತಪ್ತು. ಆ ಹುಡುಗಿ ಒಳ್ಳೆಯವಳು ಕಣ್ಲಾ."

"ಒಳ್ಳೇದು ಕೆಟ್ಟದ್ದಲ್ಲ ಅಪ್ಪಾಜಿ. ನೀರು ಎಷ್ಟು ಬಂದಿತ್ತು ಅಂತ ನಮಗೆ ಗೊತ್ತಿಲ್ವಾ?"

"ಅರವತ್ತು ವರ್ಷದಲ್ಲಿ ಒಂದು ಸಲ ಬಂತು. ಇನ್ನೊಂದು ಸಲ ಬರೋ ಹೊತ್ಗೆ ನಾನಿರಲ್ಲ."

"ನಾವಿರ್ತೀವಲ್ಲ ಮಾವ" ಎಂದಳು ಸಾರು ಬಡಿಸುತ್ತಿದ್ದ ಮೀನಾಕ್ಷಿ. ಮೆಲ್ಲಗೆ ಮಾತಾಡುವ ಹೆಂಗಸು, ಆದರೆ ಆಡಿದ ಮಾತು ಮುಳ್ಳಿನಂತೆ ನಾಟುತ್ತಿತ್ತು. "ಅವತ್ತು ನನ್ನ ಸೊಂಟ ಮುಳುಗಿತ್ತು. ನಮ್ಮನೇಲಿ ಕಾಯಿಗೆ ಅಟ್ಟ ಕಟ್ತಾರೆ, ಜನಕ್ಕೆ ಕಟ್ಟಲ್ಲ."

ಸಿದ್ದಬಸಪ್ಪನ ಕೈ ಅರ್ಧಕ್ಕೇ ನಿಂತಿತು. "ಆ ಕಾಯಿಯಿಂದಲೇ ಈ ತಟ್ಟೆ ತುಂಬಿರೋದು ಕಣಮ್ಮ."

"ಅಮ್ಮ, ನೀನಿದ್ದೆ ಅಲ್ವಾ ಅಳತೆ ಮಾಡುವಾಗ?" ಶರತ್ಚಂದ್ರ ಅವ್ವನ ಕಡೆ ತಿರುಗಿದ. "ಯಾಕೆ ಹೇಳಲಿಲ್ಲ?"

"ಅವಳು ಓದಿದೋಳು, ಅವಳೇ ನೋಡಿ ಬರ್ಕೊಂಡ್ಲು. ನಾನೇನ್ ಹೇಳ್ಲಿ?" ಮಹದೇವಮ್ಮ ಮಜ್ಜಿಗೆ ತರುವ ನೆವದಲ್ಲಿ ಎದ್ದು ಒಳಗೆ ಹೋದಳು. ಮಾತು ಅಲ್ಲಿಗೆ ನಿಂತಿತು. ಅಪ್ಪನಿಗೆ ಖರ್ಚು ಉಳಿಯಿತು, ಮಗನಿಗೆ ಪಂಚಾಯ್ತಿಗೆ ಮತ್ತೆ ಅಲೆಯುವುದು ತಪ್ಪಿತು. ಬೇಡ ಅನ್ನುವಷ್ಟು ಗಟ್ಟಿಯಾಗಿ ಯಾರೂ ಬೇಡ ಅನ್ನಲಿಲ್ಲ.

ಹೀಗೆ ಪಾಯ ಬಿತ್ತು. ನಟರಾಜ್ ಮೇಸ್ತ್ರಿ ಒಂಟಿ ಗೋಡೆಯನ್ನು ಕೆಡವುವ ಮುಂಚೆ ಮಹದೇವಮ್ಮ ದೇವರ ಗೂಡಿನ ಕಲ್ಲನ್ನು ತೆಗೆಸಿಟ್ಟುಕೊಂಡಳು. ಆಮೇಲೆ ದಿನಾ ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಹೊರಡುವುದೇ ಅವಳ ಕೆಲಸ. ಕಲ್ಲು ಕಟ್ಟಡಕ್ಕೆ ನೀರು ಹಾಕಿದಳು, ಆಳುಗಳಿಗೆ ಕಾಫಿ ಕಾಯಿಸಿದಳು, ನಟರಾಜನ ತಲೆ ತಿಂದಳು.

"ಮೇಸ್ತ್ರಿ, ಬಾಗಿಲ ಮುಂದೆ ಮೆಟ್ಲು ಬ್ಯಾಡ. ಇಳಿಜಾರು ಮಾಡು. ಗಾಲಿ ಜಾರಬಾರ್ದು, ಮೇಲೆ ಗೆರೆಗೆರೆ ಕೊರಿ."

"ಆಗ್ಲಿ ಅಮ್ಮಾರೆ. ಹೊಸ್ತಿಲು?"

"ಹೊಸ್ತಿಲು ನೆಲಕ್ಕೆ ಸಮವಾಗಿರ್ಲಿ."

"ಹೊಸ್ತಿಲು ಎದ್ದಿರಬೇಕು ಅಮ್ಮಾರೆ. ಲಕ್ಷ್ಮಿ ನಿಲ್ಬೇಕಲ್ಲ."

"ನನ್ನ ಲಕ್ಷ್ಮಿ ಗಾಲಿ ಮೇಲೆ ಬತ್ತಾಳೆ ಕಣಯ್ಯ. ನೀನು ಹೇಳ್ದಷ್ಟು ಮಾಡು."

ಕಂಬಗಳು ಎದ್ದು, ಪಾಯದ ಮೇಲೆ ತೊಲೆ ಕಟ್ಟಿ, ಒಳಗೆ ಮಣ್ಣು ತುಂಬಿ, ಗುದ್ದಿ ದಮ್ಮಸ್ಸು ಮಾಡಿದರು. ಗೋಡೆ ಏಳಬೇಕಿತ್ತು, ಇಟ್ಟಿಗೆಯ ಲಾರಿ ಬಂದಿರಲಿಲ್ಲ. ಒಂದು ಭಾನುವಾರ ಮೀನಾಕ್ಷಿಯೂ ನೋಡಲು ಬಂದಳು. ಪಾಯದ ಪಕ್ಕ ನಿಂತು ಸೀರೆಯ ನೆರಿಗೆ ಒತ್ತಿಹಿಡಿದು ನೋಡಿಕೊಂಡಳು. ಪಾಯ ಮಂಡಿಯ ಮಟ್ಟಕ್ಕೇ ನಿಂತಿತ್ತು. ಅತ್ತೆಯ ಮುಖವನ್ನೊಮ್ಮೆ ನೋಡಿದಳು. ಬೈದಿದ್ದರೆ ಮಹದೇವಮ್ಮನಿಗೆ ಹಗುರವಾಗುತ್ತಿತ್ತು.

ಅಂದು ಸಂಜೆ ಅವಳೇ ಮಗಳಿಗೆ ಫೋನು ಹಚ್ಚಿದಳು.

"ಸಿರಿ, ಪಾಯ ಆಯ್ತು ಕಣೇ. ನಿನ್ನ ಗಾಡಿ ಬೆಣ್ಣೇಲಿ ಜಾರಿದಂಗೆ ಒಳಗೆ ಬತ್ತದೆ. ಗೌರಿ ಹಬ್ಬಕ್ಕೆ ಗೋಡೆ ಎದ್ದಿರ್ತವೆ, ಸೂರಿಗೆ ಒಂದು ಶೀಟು ಹಾಕಿಸ್ತೀನಿ. ಹೊಸ ಮನೇಲೇ ಬಾಗಿನ."

"ನೋಡಣ ಬಿಡಮ್ಮ."

"ನೋಡೋದೇನು? ಬರ್ತೀನಿ ಅನ್ನು."

"ಹಬ್ಬಕ್ಕೆ ರವಿಕೆ ಕೆಲಸ ತುಂಬ ಐತಮ್ಮ." ಆ ಕಡೆಯಿಂದ ಮಿಷನ್ನಿನ ಸದ್ದು ಕೇಳಿತು. ಮಾತು ಮುಗಿಸಲು ಮಿಷನ್ ಓಡಿಸುವುದು ಸಿರಿಯ ಹಳೇ ಚಾಳಿ.

ಮಹದೇವಮ್ಮ ಬಿಡುವ ಪೈಕಿಯೇ? ಶ್ರಾವಣದ ಕೊನೆಯ ವಾರ ಚಿಗಣಿ ತಂಬಿಟ್ಟು ಕಟ್ಟಿಕೊಂಡು, ಬೇಲೂರಿಗೆ ಹೋಗಿ ಬಸ್ಸು ಬದಲಾಯಿಸಿ, ಗೆಂಡೆಹಳ್ಳಿಗೆ ತಾನೇ ಹೋದಳು. ಮಗಳನ್ನು ಹಬ್ಬಕ್ಕೆ ಎದುರು ನಿಂತು ಕರೆಯಬೇಕು, ಫೋನಿನಲ್ಲಿ ಕರೆದರೆ ಅದು ಕರೆದಂತಲ್ಲ.

ಅಳಿಯ ರಾಹುಲ್ ಹೊಲಕ್ಕೆ ಹೋಗಿದ್ದ. ಸಿರಿ ಅವ್ವನನ್ನು ಕಂಡು ಮಿಷನ್ ನಿಲ್ಲಿಸಿ, ಗಾಲಿ ತಿರುಗಿಸಿಕೊಂಡು ಬಂದು ಸೊಂಟ ತಬ್ಬಿದಳು. ತೆಳ್ಳಗಾಗಿದ್ದಳು. ಅವಳೇ ಅಡುಗೆಮನೆಗೆ ಹೋಗಿ, ತನ್ನ ಎತ್ತರಕ್ಕೆ ಕಟ್ಟಿಸಿಕೊಂಡಿದ್ದ ಕಟ್ಟೆಯ ಮೇಲೆ ಅಕ್ಕಿರೊಟ್ಟಿ ತಟ್ಟಿದಳು. ಬಾಗಿಲಿಗೆ ಹೊಸ್ತಿಲಿಲ್ಲ, ಬಚ್ಚಲಿಗೆ ಹಿಡಿ ಇದೆ, ಸ್ವಿಚ್ಚುಗಳೆಲ್ಲ ಕೈಗೆಟುಕುವಂತಿವೆ. ಮಹದೇವಮ್ಮನಿಗೆ ನೋಡಿ ಕಣ್ಣು ತುಂಬಿತು. ನಮ್ಮ ಮನೆಯೂ ಹೀಗೇ ಆಗಬೇಕು ಅಂದುಕೊಂಡಳು.

ಕೈ ತೊಳೆದು, ಸೀರೆ ಬದಲಾಯಿಸಲು ಮಲಗುವ ಕೋಣೆಗೆ ಹೋದವಳು ಅಲ್ಲೇ ನಿಂತುಬಿಟ್ಟಳು. ಮಂಚದ ನಾಲ್ಕೂ ಕಾಲಿನ ಅಡಿಯಲ್ಲಿ ಸಿಮೆಂಟ್ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಹಾಸಿಗೆ ಅವಳ ಎದೆಯ ಮಟ್ಟಕ್ಕಿತ್ತು. ಪಕ್ಕದಲ್ಲಿ ಏಣಿಯಿಲ್ಲ, ಸ್ಟೂಲಿಲ್ಲ, ಇದ್ದರೂ ಹತ್ತುವ ಕಾಲಿಲ್ಲ.

"ಇದ್ಯಾಕೆ ಹಿಂಗೆ? ಯಾರೇ ಮಲಗೋದು ಇದ್ರ ಮೇಲೆ?"

"ನಾನೇ."

"ಹೆಂಗೆ ಹತ್ತುತೀಯೇ?"

"ಅವ್ರು ಎತ್ತಿ ಮಲಗಿಸ್ತಾರೆ." ಸಿರಿ ಬಾಗಿಲಲ್ಲೇ ಗಾಲಿ ನಿಲ್ಲಿಸಿದ್ದಳು. ಅವ್ವನ ಮುಖ ನೋಡಲಿಲ್ಲ. "ಕೆಳಗೆ ಮಲಗಿದ್ರೆ ನಿದ್ದೆ ಬರಲ್ಲಮ್ಮ. ಬೆನ್ನು ತಣ್ಣಗಾದಂಗೆ ಆಗ್ತದೆ. ಇಲ್ಲಿ ಕೆರೆ ಇಲ್ಲ, ಹಳ್ಳ ಇಲ್ಲ, ಗೊತ್ತು. ಆದ್ರೂ ಕೆಳಗೆ ಮಲಗಿದ್ದಾಗೆಲ್ಲ ಕೈ ಇಳಿಬಿಟ್ಟು, ನೆಲ ಒದ್ದೆ ಆಯ್ತಾ ಅಂತ ಮುಟ್ಟಿ ನೋಡ್ತಿದ್ದೆ."

ಮಹದೇವಮ್ಮ ಮಂಚದ ಪಟ್ಟಿ ಹಿಡಿದುಕೊಂಡಳು.

"ಹೊಸಾ ಮನೆ ಎಷ್ಟೆತ್ತರ ಐತಮ್ಮ?" ಸಿರಿ ಕೇಳಿದಳು.

ಅವಳು ಬಾಯಲ್ಲಿ ಹೇಳಲಾರದೆ ಕೈಯನ್ನು ಮಂಡಿಯ ಹತ್ತಿರ ಹಿಡಿದು ತೋರಿಸಿದಳು. ಸಿರಿ ಮುಂದೆ ಬಂದು ಆ ಕೈಯನ್ನು ಹಿಡಿದೆತ್ತಿ ತನ್ನ ಕುತ್ತಿಗೆಯ ಮೇಲಿಟ್ಟುಕೊಂಡಳು.

"ಇಲ್ಲೀಗಂಟ ಬಂದಿತ್ತು."

"ಅಷ್ಟೊತ್ಗೆ ನಿನ್ನ ಅಟ್ಟ ಹತ್ಸಿದ್ವಲ್ಲೇ..."

"ಮೂಟೆ ಮೊದ್ಲು ಹತ್ಸಿದ್ರಿ." ಸಿರಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವ್ವನಿಗೆ ತಡೆಯಲಾಗಲಿಲ್ಲ. "ಅಪ್ಪಾಜಿ ಏಣಿ ಮೇಲೆ, ಅಣ್ಣ ಕೆಳಗೆ, ನೀನು ಅತ್ತಿಗೆ ನಡುಮನೇಲಿ ಮೂಟೆ ಎಳ್ಕೊಡ್ತಿದ್ರಿ. ಹಬ್ಬಕ್ಕೆ ಬಂದಿದ್ದೋಳು ನಾನು ಅಡುಗೆಮನೇಲಿ ಇದ್ದೆ. ಕುರ್ಚಿ ತೇಲೋಕೆ ಶುರುವಾಯ್ತು, ಒಲೆ ಕಟ್ಟೆ ಹಿಡ್ಕೊಂಡೆ."

"ಕೂಗ್ಬಾರ್ದಾಗಿತ್ತಾ ತಾಯಿ!"

"ಎತ್ತಬೇಡಿ ಎತ್ತಬೇಡಿ ಅಂತ ಎಲ್ರಿಗೂ ಬೈತಿದ್ದೋಳು ನಾನೇ ಅಲ್ವಾ. ಬಂದು ಎತ್ರೋ ಅನ್ನೋಕೆ ಬಾಯಿ ಬರಲಿಲ್ಲ ಕಣಮ್ಮ. ಈಗ ನಿಲ್ತದೆ, ಈಗ ನಿಲ್ತದೆ ಅಂತ ಕೂತಿದ್ದೆ."

ಮಳೆ ಜೋರಾದರೆ ಕೊಬ್ಬರಿ ಮೂಟೆ ಅಟ್ಟಕ್ಕೆ ಏರಿಸುವುದು ಆ ಮನೆಯಲ್ಲಿ ಯಾರೂ ಯೋಚಿಸಿ ಮಾಡುವ ಕೆಲಸವಲ್ಲ. ಸಿದ್ದಬಸಪ್ಪನ ಅಪ್ಪನ ಕಾಲದಿಂದ ಕೈಗೆ ಕೂತ ಅಭ್ಯಾಸ. ಅಂದೂ ಹಾಗೇ ಎಲ್ಲರ ಕೈ ಮೂಟೆಯ ಕಡೆ ಓಡಿತ್ತು. ಮಗಳು ಹಿಂದೆ ಕೂತಿದ್ದಾಳೆ, ಚೆನ್ನಾಗಿದ್ದಾಳೆ ಎಂದುಕೊಂಡೇ ಮಹದೇವಮ್ಮ ಮೂಟೆಯ ಕಿವಿ ಹಿಡಿದಿದ್ದಳು. ಈಗ ನೆಲಕ್ಕೆ ಕುಸಿದು ಸಿರಿಯ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಸಿರಿ ಅವಳ ತುರುಬು ಸರಿಮಾಡಿದಳು.

"ನೀನು ಬರ್ದೇ ಇರೋದು ಮೆಟ್ಟಿಲಿಗೆ ಅಂದ್ಕೊಂಡಿದ್ದೆ ಕಣೇ."

"ಮೆಟ್ಟಿಲಾಗಿದ್ರೆ ಹೆಂಗೋ ಬರ್ತಿದ್ದೆ."

ಅರಸೀಕೆರೆಗೆ ಮರಳಿದ ಮಹದೇವಮ್ಮ ಕಾಲು ತೊಳೆದವಳೇ ಗಂಡ, ಮಗ, ಸೊಸೆಯನ್ನು ಕೂರಿಸಿಕೊಂಡು ಕೆಮ್ಮಣ್ಣಿನ ವಿಷಯ ಬಾಯಿಬಿಟ್ಟಳು. ಸಿದ್ದಬಸಪ್ಪ ಮೊದಲು ಅರ್ಥವಾಗದೆ ನೋಡಿದ, ಅರ್ಥವಾದ ಮೇಲೆ ಕೂಗಾಡಿದ.

"ಕಟ್ಟಿರೋ ಪಾಯ ಮತ್ತೆ ಏರ್ಸೋದಾ? ಜನ ಏನಂತಾರೆ? ಪರವಾನಗಿ ಕಿತ್ಕೊಂಡ್ರೆ?"

"ಕಿತ್ಕೊಳ್ಲಿ. ಆ ಪಾಯದ ಮೇಲೆ ನನ್ನ ಮಗಳು ಮಲಗಲ್ಲ."

"ಏರಿಸಿದ್ರೆ ಅವಳು ಹತ್ತೋದು ಹೆಂಗೆ? ಅವಳಿಗೋಸ್ಕರ ತಾನೇ ನೀನು ಬಾಯಿ ಮುಚ್ಕೊಂಡಿದ್ದು?"

"ಹೂಂ ಕಣ್ರೀ, ಅವಳಿಗೋಸ್ಕರನೇ" ಮಹದೇವಮ್ಮ ದನಿ ಏರಿಸಿದಳು. "ಅವಳನ್ನ ಕೇಳದೇನೇ. ಮೂಟೆ ಎತ್ತೋವಾಗ್ಲೂ ಅವಳನ್ನ ಕೇಳಲಿಲ್ಲ ನಾವು." ಆಮೇಲೆ ಗೆಂಡೆಹಳ್ಳಿಯ ಮಂಚದ ಸುದ್ದಿ ಹೇಳಿದಳು, ಸಿರಿ ಅವ್ವನ ಕೈಯನ್ನು ಎಲ್ಲಿಗೆ ಎತ್ತಿಟ್ಟುಕೊಂಡಳು ಎಂಬುದನ್ನೂ ಹೇಳಿದಳು. ಶರತ್ಚಂದ್ರ ಎದ್ದು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತ. ಮೀನಾಕ್ಷಿ ಅತ್ತೆಯ ಕೈಗೆ ನೀರಿನ ಲೋಟ ಕೊಟ್ಟಳು. ಸಿದ್ದಬಸಪ್ಪ ಆ ರಾತ್ರಿ ಊಟಕ್ಕೆ ಏಳಲಿಲ್ಲ.

ಮರುದಿನ ಅತ್ತೆ ಸೊಸೆ ಪಂಚಾಯ್ತಿಗೆ ಹೋದರು. ಸಿಂಧು ಅಂದು ಹಿಡಿದಿದ್ದ ಫೋಟೋವನ್ನು ಮೊಬೈಲಿನಲ್ಲಿ ತೆರೆದು ದಿಟ್ಟಿಸಿದಳು, ಅವಳ ಮುಖ ಸಣ್ಣದಾಯಿತು.

"ಇದು ಸಾರಣೆ ಅಂತ ನೀವಾದ್ರೂ ಒಂದ್ಮಾತು ಹೇಳಬಾರದಾ ಅಮ್ಮ? ನಾನು ಕೆಸರು ಅಂದ್ಕೊಂಡೆ."

"ಹೇಳಬೋದಿತ್ತು. ಹೇಳಲಿಲ್ಲ. ತಪ್ಪು ನಂದು, ನೀನು ಬರ್ಕೊಂಡಿದ್ದಲ್ಲ."

"ಪುಣ್ಯ, ಗೋಡೆ ಎದ್ದಿಲ್ಲ. ಕಂಬ ಇದಾವೆ, ಪಾಯ ಏರಿಸಬಹುದು." ಮೀನಾಕ್ಷಿ ತನ್ನ ಸೊಂಟದ ಮೇಲೆ ಕೈಯಿಟ್ಟು ನೀರಿನ ಮಟ್ಟ ತೋರಿಸಿದಳು, ಅದಕ್ಕೆ ಒಂದಡಿ ಸೇರಿಸಿ ಸಿಂಧು ಹೊಸ ನಕ್ಷೆ ಗೀಚಿದಳು. "ಆದ್ರೆ ಈ ಎತ್ತರಕ್ಕೆ ಗಾಲಿಕುರ್ಚಿ ಹತ್ತೋ ಇಳಿಜಾರು ಬಾಗಿಲ ಮುಂದೆ ಹಿಡಿಯಲ್ಲ. ತುಂಬ ಉದ್ದ ಬೇಕು. ಮನೆ ಪಕ್ಕದಿಂದ ಹಿತ್ತಲು ಸುತ್ತಿಸಿ ತರಬೇಕು. ಹಿತ್ತಲಲ್ಲಿ ಜಾಗ ಇದೆಯಾ?"

ಹಿತ್ತಲಿನಲ್ಲಿದ್ದದ್ದು ಸಿದ್ದಬಸಪ್ಪ ಕಾಯಿ ಸುಲಿಸುವ ಜಾಗ. ಅದನ್ನು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಆ ಸಲದ ಗೌರಿ ಹಬ್ಬವೂ ಬಾಡಿಗೆ ಮನೆಯಲ್ಲೇ ಆಯಿತು. ಮಹದೇವಮ್ಮ ಬಾಗಿನದ ಮೊರವನ್ನು ಬಟ್ಟೆ ಕಟ್ಟಿ ಶರತ್ಚಂದ್ರನ ಕೈಲಿ ಗೆಂಡೆಹಳ್ಳಿಗೆ ಕಳಿಸಿದಳು. ಅವನು ಹೋದ ಮೇಲೆ ಕಡುಬು ಬೇಯಿಸಿ, ತಾನು ಒಂದನ್ನೂ ತಿನ್ನಲಾಗದೆ, ನೆರೆಮನೆಗೆ ಕೊಟ್ಟುಬಂದಳು. ಇನ್ನೊಂದು ವರ್ಷ. ವಯಸ್ಸಾದವರಿಗೆ ಒಂದು ವರ್ಷ ಅಂದರೆ ಎಷ್ಟು ಎಂದು ಹೇಳಿಕೊಳ್ಳುವುದು ಯಾರ ಹತ್ತಿರ?

ಭಾದ್ರಪದ ಕಳೆಯುವ ಹೊತ್ತಿಗೆ ಪಾಯ ಮತ್ತೆ ಏಳತೊಡಗಿತು. ನಟರಾಜ್ ಕಲ್ಲಿನ ಮೇಲೆ ಕಲ್ಲು ಕೂರಿಸಿದ, ಟ್ರ್ಯಾಕ್ಟರುಗಟ್ಟಲೆ ಮಣ್ಣು ಬಂತು. ಮೊದಲಿನ ಇಳಿಜಾರು ಅದರಡಿ ಹೂತುಹೋಗುವುದನ್ನು ಮಹದೇವಮ್ಮ ನಿಂತು ನೋಡಿದಳು. ಗೆರೆಗೆರೆ ಕೊರೆಸಿದ್ದ ಗಾರೆಯ ಮೇಲೆ ಮಣ್ಣು ಬಿತ್ತು. ಮಗಳು ತಾನಾಗಿ ಗಾಲಿ ಉರುಳಿಸಿಕೊಂಡು ಅಡುಗೆಮನೆಗೆ ಬರುವುದನ್ನು ಇನ್ನು ಕಾಣುತ್ತೇನೋ ಇಲ್ಲವೋ ಅನಿಸಿತು.

ಸಿದ್ದಬಸಪ್ಪ ಆ ದಿನಗಳಲ್ಲಿ ಹೆಂಡತಿಯ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ. ಕೆಲಸದ ಜಾಗಕ್ಕೂ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳು ಬುತ್ತಿ ಹಿಡಿದು ಬಂದಾಗ ಹಿತ್ತಲಿನಲ್ಲಿ ಕೆಮ್ಮು ಕೇಳಿಸಿತು. ಕಾಯಿ ಸುಲಿಯುವ ಜಾಗದಲ್ಲಿದ್ದ ಮಟ್ಟೆಯ ರಾಶಿಯೆಲ್ಲ ತೋಟದ ಮೂಲೆಗೆ ಹೋಗಿತ್ತು. ಸಿದ್ದಬಸಪ್ಪ ಸಿಂಧು ಗೀಚಿದ್ದ ನಕ್ಷೆಯನ್ನು ಪಕ್ಕದಲ್ಲಿಟ್ಟು, ಕುಕ್ಕರುಗಾಲಿನಲ್ಲಿ ಕೂತು ಗೂಟ ಹೊಡೆದು, ಮನೆಯ ಪಕ್ಕದಿಂದ ಹಿತ್ತಲು ಸುತ್ತಿ ಹಗ್ಗ ಎಳೆಯುತ್ತಿದ್ದ.

"ಏನ್ ಮಾಡ್ತಿದೀರ್ರೀ?"

"ಕಾಣಲ್ವಾ? ಅಳೀತಿದೀನಿ." ತಲೆಯೆತ್ತಲಿಲ್ಲ. "ಈ ವರ್ಷ ಆಗಲ್ಲ, ಕೈಲಿ ಏನೂ ಉಳ್ದಿಲ್ಲ. ಜಾಗ ಮಾತ್ರ ಬಿಟ್ಟಿರ್ತೀನಿ. ಕಾಯಿ ತೋಟದಲ್ಲೇ ಸುಲಿಸಿದ್ರಾಯ್ತು."

ಮಹದೇವಮ್ಮ ಬುತ್ತಿ ಕೆಳಗಿಟ್ಟು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡಳು.

ದೀಪಾವಳಿಗೆ ಎರಡು ದಿನ ಮುಂಚೆ, ಯಾರೂ ಕರೆಯದೆಯೇ, ಕಲ್ಲುಕೋಡಿಯ ಬೀದಿಯಲ್ಲಿ ಒಂದು ಕಾರು ಬಂದು ನಿಂತಿತು. ರಾಹುಲ್ ಇಳಿದು ಹಿಂದಿನಿಂದ ಗಾಲಿಕುರ್ಚಿ ತೆಗೆದ. ಸಿರಿ ಅದರಲ್ಲಿ ಕೂತು, ಹಳೇ ಮನೆಯಿದ್ದ ಜಾಗದಲ್ಲಿ ಎದ್ದಿದ್ದ ಕಲ್ಲಿನ ಪಾಯವನ್ನು ನೋಡಿದಳು. ಗೋಡೆಯಿಲ್ಲ, ಸೂರಿಲ್ಲ. ಎದೆಯೆತ್ತರದ ಪಾಯ, ಅದರ ಮೇಲೆ ಬೋಳು ಕಂಬಗಳು, ಒಂದು ಕಡೆ ಕೆಲಸದವರು ಹತ್ತಲು ಪೇರಿಸಿದ ಕಲ್ಲುಗಳು. ಮಹದೇವಮ್ಮನ ಜೊತೆ ಶರತ್ಚಂದ್ರ, ಮೀನಾಕ್ಷಿಯೂ ಅಂದು ಮಣ್ಣಿಗೆ ನೀರು ಹಾಕಲು ಬಂದಿದ್ದರು.

ಸಿರಿ ಗಾಲಿ ತಳ್ಳಿಕೊಂಡು ಪಾಯದ ಬುಡಕ್ಕೆ ಬಂದಳು. ಕೈಯನ್ನು ತನ್ನ ಕುತ್ತಿಗೆಗೆ ಹಿಡಿದು, ಅಲ್ಲಿಂದ ನೇರ ಚಾಚಿ, ಕಲ್ಲನ್ನು ಮುಟ್ಟಿದಳು. ಪಾಯದ ಅಂಚು ಆ ಕೈಗಿಂತ ಒಂದಡಿ ಮೇಲಿತ್ತು.

"ಅಣ್ಣಾ, ಎತ್ಕೋ" ಅಂದಳು.

ಶರತ್ಚಂದ್ರ ಕೇಳಿದ್ದನ್ನು ನಂಬದವನಂತೆ ಅವ್ವನ ಕಡೆ ನೋಡಿದ. ಸಿರಿ ಎರಡೂ ಕೈ ಚಾಚಿದ್ದಳು. ಅವನು ಬಾಗಿ ಎತ್ತಿಕೊಂಡ, ಕಲ್ಲುಗಳ ಮೇಲೆ ಹುಷಾರಾಗಿ ಕಾಲಿಟ್ಟು ಹತ್ತಿದ. ನಡುಮನೆಯಾಗಬೇಕಾದ ಜಾಗದಲ್ಲಿ ಮೀನಾಕ್ಷಿ ಚಾಪೆ ಹಾಸಿದಳು. ಮಹದೇವಮ್ಮ ಹಿಂದೆಯೇ ಏದುಸಿರು ಬಿಡುತ್ತ ಹತ್ತಿ ಬಂದು ಮಗಳ ಪಕ್ಕ ಕೂತಳು. ತಂದಿದ್ದ ಬುತ್ತಿ ಬಿಚ್ಚಿ ಎಲ್ಲರಿಗೂ ಹಂಚಿದಳು. ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರು. ಸಿರಿ ತಿಂದ ತಟ್ಟೆ ಪಕ್ಕಕ್ಕಿಟ್ಟು, ನೆಲದ ಮೇಲೆ ಅಂಗೈ ಊರಿ, ಮೆಲ್ಲಗೆ ಬೆನ್ನು ಚಾಚಿ ಮಲಗಿದಳು. ನೆಲದ ಮೇಲೇ, ಬರೀ ಚಾಪೆಯ ಮೇಲೆ.

ಮೂಡಣ ಕಡೆ ಮೋಡ ಕಪ್ಪಾಗುತ್ತಿತ್ತು. ಹಿಂಗಾರಿನ ಗಾಳಿ ತೆಂಗಿನ ಗರಿಗಳನ್ನು ಅಲುಗಿಸಿತು.

"ಏಳೇ, ಹನಿ ಬತ್ತದೆ" ಮಹದೇವಮ್ಮ ಅವಸರಪಟ್ಟಳು. "ಸೂರಿಲ್ಲ ಇಲ್ಲಿ. ಅಣ್ಣ ಇಳಿಸ್ತಾನೆ, ಕಾರಲ್ಲಿ ಕೂತ್ಕೊಳಣ."

ಸಿರಿ ಕಣ್ಣು ಮುಚ್ಚಿಕೊಂಡೇ ಅವ್ವನ ಸೆರಗು ಹಿಡಿದೆಳೆದು ಪಕ್ಕಕ್ಕೆ ಕೂರಿಸಿದಳು.

"ಮೇಲಿಂದ ಬಂದ್ರೆ ಬರ್ಲಿ ಬಿಡಮ್ಮ" ಅಂದಳು.